ತಣ್ಣಗಿದ್ದಾಗ ಸದ್ದು ಮಾಡಬೇಕಾದ ಎಂಜಿನ್

ಹಲೋ. ಯಾರು ಮಾತಾಡ್ತಿರೋದು? ... ಭಾವ, ನೀವಾ? ತಮ್ಮನ ಫೋನು ನಿಮ್ಮ ಹತ್ರ ಯಾಕಿದೆ? ಅವನೆಲ್ಲಿ?

... ಹೆಲ್ಮೆಟ್ ಹಾಕ್ಕೊಂಡು ಕೂತಾಯ್ತಾ? ರೇಸ್ ಕಾರು ಸ್ಟಾರ್ಟ್ ಮಾಡಿದಾನಾ? ... ಇನ್ನೂ ಇಲ್ಲ, ಅಲ್ವಾ? ಸರಿ. ಹಾಗಿದ್ರೆ ಮೊದಲು ನಿಮ್ಮನ್ನೇ ಕೇಳ್ತೀನಿ.

... ಇಲ್ಲ, ಅವನಿಗೆ ಒಳ್ಳೇದಾಗ್ಲಿ ಅನ್ನೋಕೆ ಫೋನ್ ಮಾಡಿದ್ದಲ್ಲ. ನಾನು ವರ್ಕ್‌ಶಾಪಲ್ಲಿದ್ದೀನಿ. ಸ್ಪ್ಯಾನರ್ ಹುಡುಕ್ತಾ ನಿಮ್ಮ ಬೆಂಚಿನ ಕೆಳಗೆ ಕೈ ಹಾಕಿದೆ. ಹಳೇ ಬನೀನಲ್ಲಿ ಸುತ್ತಿಟ್ಟ ನಾಲ್ಕು ಪಿಸ್ಟನ್ ಸಿಕ್ತು. ಯಾವ ಗಾಡೀದು ಇವು?

... ಯಾರದೋ ಹಳೇವಾ? ಭಾವ, ಒಳಗಡೆ ನಾನೇ ಗೀಚಿದ ಗುರುತಿದೆ. ನನ್ನ ಕೈಬರಹ ನನಗೆ ಗೊತ್ತಾಗಲ್ವಾ? ಇವು ತಮ್ಮನ ಎಂಜಿನ್ನಿಗೆ ನಾನು ಕೂರಿಸಿದ ಫೋರ್ಜ್ಡ್ ಪಿಸ್ಟನ್. ಇವು ಇಲ್ಲಿ ನನ್ನ ಕೈಲಿದ್ರೆ, ಅಲ್ಲಿ ಎಂಜಿನ್ ಒಳಗೆ ಏನಿದೆ?

... ಕೇಳಿಸ್ತಿಲ್ಲ ಅನ್ಬೇಡಿ. ಚೆನ್ನಾಗೇ ಕೇಳಿಸ್ತಿದೆ. ಏನಿದೆ ಒಳಗೆ?

... ಎರಕದ್ದು. ಹಾಂ. ಕಾಸ್ಟ್ ಪಿಸ್ಟನ್. ಯಾವಾಗ ಹಾಕಿದ್ರಿ?

... ನಾನು ಅಮ್ಮನ ಜೊತೆ ಆಸ್ಪತ್ರೇಲಿದ್ದ ವಾರ. ಹೇಳೋರಿಲ್ಲ, ಕೇಳೋರಿಲ್ಲ. ಯಾಕೆ ಬದಲಾಯಿಸಿದ್ರಿ ಅಂತಾದ್ರೂ ಹೇಳ್ತೀರಾ?

... ಟಕಟಕ ಅಂತಿತ್ತಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ? ಬಿಸಿಯಾದ ಮೇಲೆ? ... ಸದ್ದು ನಿಂತುಹೋಗ್ತಿತ್ತು. ಹಾಂ, ನಿಲ್ಲಲೇಬೇಕು. ಫೋರ್ಜ್ಡ್ ಅಂದ್ರೆ ಬಡಿದು ಒತ್ತಿ ಮಾಡಿದ ಪಿಸ್ಟನ್, ಅದು ಬಿಸಿಗೆ ಹೆಚ್ಚು ಹಿಗ್ಗುತ್ತೆ ಭಾವ. ಅದಕ್ಕೇ ಸಿಲಿಂಡರ್ ಗೋಡೆಗೂ ಅದಕ್ಕೂ ನಡುವೆ ಸಂದು ಜಾಸ್ತಿ ಬಿಟ್ಟಿದ್ದೆ. ತಣ್ಣಗಿದ್ದಾಗ ಅಲ್ಲಾಡುತ್ತೆ, ಸದ್ದು ಮಾಡುತ್ತೆ. ಬಿಸಿಯಾದ್ರೆ ಸಂದು ತುಂಬಿಕೊಳ್ಳುತ್ತೆ. ನಿಮ್ಮ ಎದುರಿಗೆ ಕೂತು ಹೇಳಿರ್ಲಿಲ್ವಾ ಇದನ್ನ?

... ಯಾರು ನಕ್ರು? ನಿಮ್ಮ ಹತ್ರ ರಿಪೇರಿಗೆ ಬರೋ ಟ್ಯಾಕ್ಸಿಯವರಾ? ಏನಂದ್ರು? ... ಟಕಟಕ ಕೇಳಿ, ಹೊಲಿಗೆ ಅಂಗಡಿ ಇಟ್ರಾ ಅಂದ್ರಾ.

... ಗೊತ್ತು, ಗೊತ್ತು. ಓಡ್ತಿರೋ ಎಂಜಿನ್ ಮೇಲೆ ನೀರಿನ ಲೋಟ ಇಟ್ಟು, ತುಳುಕಲ್ಲ ನೋಡಿ ಅಂತ ತೋರಿಸೋರು ನೀವು. ಊರೆಲ್ಲ ಹೊಗಳಿದೆ. ನಾನೂ ಹೊಗಳಿದ್ದೀನಿ. ಅದು ಟ್ಯಾಕ್ಸಿಗೆ. ಇದಕ್ಕೆ ಗಾಳಿ ಒತ್ತಿ ತುಂಬೋ ಟರ್ಬೊ ಕೂರಿಸಿದ್ದೀವಿ. ಮರ್ಯಾದೆ ನಿಮ್ದು, ಜೀವ ಅವನದಾ?

... ಮೆಲ್ಲಗೆ ಮಾತಾಡ್ಬೇಕಾ? ಅಕ್ಕನ ಗಂಡ ಅಂತ ಇಷ್ಟು ಹೊತ್ತು ಮೆಲ್ಲಗೇ ಮಾತಾಡಿದ್ದು.

... ಹಾಂ, ಟ್ಯಾಕ್ಸೀಲಿ ವರ್ಷಗಟ್ಟಲೆ ತಡೆದಿದೆ. ಯಾರು ಇಲ್ಲ ಅಂದ್ರು? ಎರಕದ್ದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಮ್ಮಿ ಹಿಗ್ಗುತ್ತೆ, ಬಿಗಿಯಾಗಿ ಕೂರುತ್ತೆ, ಸದ್ದಿಲ್ಲ. ಆದ್ರೆ ಪೆಡಸು. ಟರ್ಬೊ ಒತ್ತಡಕ್ಕೆ ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ಸಿಡಿದ್ರೆ, ಫೋರ್ಜ್ಡ್ ಆದ್ರೆ ಒಂದಷ್ಟು ಏಟು ತಿಂದ್ಕೊಂಡು ನಿಲ್ಲುತ್ತೆ. ಇದು ಮಡಕೆ ಹಾಗೆ ಒಡೆಯುತ್ತೆ. ಆ ಚೂರು ಸಿಕ್ಕಿಹಾಕ್ಕೊಂಡು ಎಂಜಿನ್ ಕಚ್ಚಿಕೊಂಡ್ರೆ, ಆ ವೇಗದಲ್ಲಿ ಚಕ್ರಾನೂ ಕಚ್ಚಿಕೊಳ್ಳುತ್ತೆ. ಆಮೇಲೆ ಅಕ್ಕನಿಗೆ ಏನು ಹೇಳ್ತೀರಿ? ಸದ್ದಂತೂ ಇರ್ಲಿಲ್ಲ ಅಂತೀರಾ?

... ಏನು? ಬೋರ್? ಬ್ಲಾಕಿನ ಸಿಲಿಂಡರ್ ತೂತನ್ನೂ ಮತ್ತೆ ಕೊರೆದ್ರಾ? ... ಒಂದು ಸೈಜ್ ದೊಡ್ಡ ಪಿಸ್ಟನ್ನು, ಅದಕ್ಕೆ ಬಿಗಿಯಾಗೋ ಹಾಗೆ ಬೋರು. ಅಂದ್ರೆ ಈ ನಾಲ್ಕೂ ಇನ್ನು ಆ ಬ್ಲಾಕಿಗೆ ಆಗಲ್ಲ. ಬಾಗಿಲು ಮುಚ್ಚದ ಹಾಗೆ ಅಡ್ಡ ಇಟ್ಕೊಳ್ಳಿ ಇವನ್ನ. ವಾಪಸ್ ಹೋಗೋಕೂ ದಾರಿ ಬಿಟ್ಟಿಲ್ಲ ನೀವು.

... ಏನೂ ಆಗಲ್ವಾ? ಇದೊಂದು ಸಲ ಬಿಟ್ಬಿಡು ಅಂತೀರಾ? ಒಂದೇ ರೇಸು, ಆಮೇಲೆ ಬಿಚ್ಚೋಣ ಅಂತೀರಾ?

... ಸರಿ. ಅಷ್ಟು ನಂಬಿಕೆ ಇದ್ರೆ ಅವನನ್ನ ಇಳಿಸಿ, ನೀವು ಕೂತ್ಕೊಳ್ಳಿ. ನೀವೇ ಓಡಿಸಿ.

...

ಕೂತ್ಕೋತೀರಾ? ... ಭಾವ?

...

ನೋಡಿ. ಅವನಿಗೆ ಹೇಳೋಕೆ ಬಾಯಿ ಬರ್ದಿದ್ರೆ ಹೇಳ್ಬೇಡಿ. ಕೀ ಕಿತ್ಕೊಳ್ಳಿ. ಅಷ್ಟು ಮಾಡಿ ಸಾಕು. ... ಜನ ನೋಡಿದ್ರೆ ನೋಡ್ಲಿ. ಕಿತ್ಕೊಳ್ಳಿ ಭಾವ.

... ಏನದು ಗಲಾಟೆ? ಹಲೋ? ಯಾರು? ... ನೀನಾ ತಮ್ಮ? ಕಿರುಚಬೇಡ, ಬಿಡಿಸಿ ಹೇಳು.

... ಫೋನು ನಿನ್ನ ಮಡಿಲಿಗೆ ಎಸೆದು, ಕೀ ತಗೊಂಡು ಹೊರಟೇಹೋದ್ರಾ? ಒಂದು ಮಾತೂ ಆಡದೆ? ಎಲ್ಲಿದ್ದಾರೆ ಈಗ, ಕಾಣಿಸ್ತಿದ್ದಾರಾ?

... ಟೈರ್ ರಾಶಿ ಮೇಲೆ ಕೂತಿದ್ದಾರೆ. ತಲೆ ಬಗ್ಗಿಸ್ಕೊಂಡು. ಹಾಂ.

... ಇಲ್ಲ ಕಣೋ, ಅವರಿಗೆ ತಲೆ ಕೆಟ್ಟಿಲ್ಲ. ಕೆಟ್ಟಿತ್ತು, ಈಗ ಸರಿಯಾಯ್ತು. ನೀನು ಇಳಿ ಕಾರಿಂದ. ... ಇನ್ನೊಂದು ಕೀ ಹುಡುಕ್ಬೇಡ, ಅದು ನನ್ನ ಹತ್ರ ಇದೆ.

... ಆ ಎಂಜಿನ್ ಇವತ್ತು ಓಡಿದ್ರೆ ಒಡೆಯುತ್ತೆ. ನೀನು ಒಳಗಿರ್ತೀಯ. ಅಷ್ಟೇ ತಿಳ್ಕೋ. ಕೀ ತೆಗೀರಿ ಅಂದಿದ್ದು ನಿನ್ನ ಚಿಕ್ಕಕ್ಕ. ಬೈಯೋದಿದ್ರೆ ನನ್ನ ಬೈ.

... ಹಾಂ. ... ಹಾಂ. ... ಮುಗೀತಾ? ಇನ್ನೂ ಇದ್ಯಾ?

... ಯಾಕೆ ಅನ್ನೋದನ್ನ ಅವರ ಬಾಯಿಂದಲೇ ಕೇಳು. ಈಗಲೇ ಬೇಡ. ನಾನು ಅಂದಿರೋದು ಅವರಿಗೆ ಸಾಕಾಗಿದೆ. ಅವರ ಪಕ್ಕ ಹೋಗಿ ಕೂತ್ಕೋ. ಮೊದಲು ಒಂದು ಲೋಟ ನೀರು ಕೊಡು.