ನಾಲ್ಕು ಬೆರಳಗಲದ ಗುರುತು

ಇದು ನಮ್ಮ ದೊಡ್ಡಪ್ಪನ ಮಗಳು ನಜ್ಲಾಗೆ ಆದದ್ದು. ಅವರಿವರ ಬಾಯಿಂದ ಬಂದ ಮಾತಲ್ಲ, ಅವಳೇ ನನ್ನೆದುರು ಕೂತು ಹೇಳಿದ್ದು. ಹೇಳುವಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ.

ನಮ್ಮೂರು ಬೀರ್ ಸ್ಲಾಮಾ, ಟ್ಯುನೀಷಿಯಾದ ದಕ್ಷಿಣಕ್ಕೆ. ಆ ಶನಿವಾರ ರಾತ್ರಿ ಕೊನೆಯ ವ್ಯಾನು ಅವಳನ್ನು ಹೆದ್ದಾರಿಯ ಪಕ್ಕ ಇಳಿಸಿ ಹೋಯಿತು. ಅಲ್ಲಿಂದ ಆಲಿವ್ ತೋಪಿನ ನಡುವೆ ಕಾಲು ಗಂಟೆ ನಡೆಯಬೇಕು. ಅರ್ಧ ದಾರಿಗೆ ಹಳೇ ಬಾವಿ. ಗಾಳಿ ಇರಲಿಲ್ಲ. ನಾಯಿಯೂ ಬೊಗಳಲಿಲ್ಲ. ಚಪ್ಪಲಿಯಡಿ ಜಲ್ಲಿ ಮಾತ್ರ ಕರಕರ ಅನ್ನುತ್ತಿತ್ತು.

ಆಗ ಕೇಳಿಸಿತು... ಟಕ್... ಟಕ್... ಟಕ್.

ಉಗುರಿನಿಂದ ಮರದ ಮೇಲೆ ತಟ್ಟಿದ ಸದ್ದು. ಮೂರೇ ಸಲ. ನಜ್ಲಾ ನಿಂತುಬಿಟ್ಟಳು. ಹಾಗೆ ತಟ್ಟುತ್ತಿದ್ದವಳನ್ನು ಮಣ್ಣು ಮಾಡಿ ಅಂದಿಗೆ ಹನ್ನೊಂದು ದಿನ.

ಅವಳ ಹೆಸರು ಮಬ್ರೂಕಾ. ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ವಿಭಾಗದಲ್ಲಿ ಸಹಾಯಕಿ, ನಮ್ಮೂರಿನವಳೇ. ಆ ವಿಭಾಗದಲ್ಲಿ ಮರಳುನೊಣ ಸಾಕುತ್ತಾರೆ. ಕಚ್ಚಿದರೆ ಮುಖದ ಮೇಲೆ ತಿಂಗಳುಗಟ್ಟಲೆ ಆರದ ಹುಣ್ಣಾಗುತ್ತದಲ್ಲ, ಅದೇ ನೊಣ. ಸಾಕಿದವಕ್ಕೆ ರೋಗ ಇರುವುದಿಲ್ಲ. ಆ ಹುಣ್ಣಿಗೆ ಲಸಿಕೆ ಹುಡುಕಲು ಅವು ಬೇಕು. ಆದರೆ ಹೆಣ್ಣುನೊಣ ರಕ್ತ ಕುಡಿಯದೆ ಮೊಟ್ಟೆ ಇಡುವುದಿಲ್ಲ. ರಕ್ತ ಕೊಡುತ್ತಿದ್ದವಳು ಮಬ್ರೂಕಾ. ಮೂರು ದಿನಕ್ಕೊಮ್ಮೆ ಸಂಜೆ ಈ ಬಾವಿಯ ನೀರಿನಲ್ಲಿ ಬಲಗೈ ತೊಳೆದುಕೊಂಡು ಹೋಗುವಳು. ನಲ್ಲಿ ನೀರಿನ ವಾಸನೆ ಅವಕ್ಕೆ ಆಗದು ಅನ್ನುವಳು. ಕತ್ತಲ ಕೋಣೆಯಲ್ಲಿ ನೊಣದ ಗೂಡಿನ ಚೌಕಟ್ಟಿಗೆ ಮೂರು ಸಲ ತಟ್ಟಿ, ಬಲೆಯ ಕಿಟಕಿಗೆ ಮುಂದೋಳು ಒತ್ತಿ ಕೂರುವಳು. ಕಿಟಕಿ ನಾಲ್ಕು ಬೆರಳಗಲ, ಚೌಕ. ಎದ್ದಾಗ ತೋಳಿನ ಮೇಲೆ ಅಷ್ಟೇ ಅಗಲದ ಕೆಂಪು ಚೌಕ. ಅದಕ್ಕೆ ವಿನೆಗರ್ ಸವರಿ ಅಂಗಿಯ ತೋಳು ಇಳಿಸುವಳು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ನಜ್ಲಾ ಮೂರು ವರ್ಷದಿಂದ ಆ ನೊಣಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ದಿನವೂ ಅವಕ್ಕೆ ತನ್ನ ಕೈ ಒಡ್ಡಿದವಳಲ್ಲ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

“ಗೋರಂಟಿ ಹಚ್ಚೋ ಕೈ ಅಂತ ಮುಚ್ಚಿಟ್ಕೊಂಡಿದೀಯೇನೇ?” ಅಂತ ಮಬ್ರೂಕಾ ಕೆಣಕುವಳು.

“ನಾಲ್ಕಕ್ಷರ ಓದ್ಕೊಂಡಿದ್ರೆ ನಿಂಗೂ ಈ ಕೆಲಸ ತಪ್ತಿತ್ತು ಚಿಕ್ಕಮ್ಮ,” ಅಂತ ಇವಳು ಚುಚ್ಚುವಳು.

ವಿಭಾಗಕ್ಕೆ ಇಪ್ಪತ್ತು ವರ್ಷ ತುಂಬುತ್ತದೆ ಅಂತ ಸಾಧನೆಗಳ ಪುಸ್ತಕವೊಂದನ್ನು ಮಾಡಿದರು. ಮುಖ್ಯಸ್ಥ ಪ್ರೊಫೆಸರ್ ತುಹಾಮಿ ಕೃತಜ್ಞತೆಯ ಪುಟವನ್ನು ನಜ್ಲಾಗೆ ವಹಿಸಿದರು. ಅವಳು ಜನರೇಟರ್ ರಿಪೇರಿಯವನನ್ನೂ ನೆನೆದಳು. ಮಬ್ರೂಕಾಳ ಹೆಸರು ಬರೆದು, ಅಳಿಸಿದಳು. ಮರೆತದ್ದಲ್ಲ, ಬೇಕಂತಲೇ ಅಳಿಸಿದಳು. ನೊಣಗಳ ಆಹಾರ ಅನ್ನುವ ಕಡೆ ‘ಬಿಳಿ ಇಲಿ’ ಅಂತ ಹಾಕಿದಳು.

ಮಬ್ರೂಕಾಗೆ ಓದಲು ಬರುತ್ತಿತ್ತು. ಪುಸ್ತಕ ಪೂರ್ತಿ ತಿರುವಿ ಮುಚ್ಚಿಟ್ಟಳು.

“ಇಲಿ,” ಅಂದಳು. ಅಷ್ಟೇ.

ಅವತ್ತೂ ನೊಣಗಳಿಗೆ ಕೈ ಒಡ್ಡಿದಳು. ಮೂರನೇ ದಿನ ಸಂಜೆ ಬಾವಿಕಟ್ಟೆಯ ಪಕ್ಕ, ಅಂಗಿಯ ತೋಳು ಮಡಿಚಿದ ಹಾಗೆಯೇ, ಸತ್ತು ಬಿದ್ದಿದ್ದಳು. ಹೃದಯ ನಿಂತಿದೆ ಅಂದರು ಡಾಕ್ಟರು.

ಆಮೇಲೆ ನೊಣಗಳು ಇಲಿಯನ್ನು ಮೂಸಿಯೂ ನೋಡಲಿಲ್ಲ. ಕೋಳಿ ಇಟ್ಟರು, ಮೊಲ ಇಟ್ಟರು. ಕೊನೆಗೆ ನಜ್ಲಾ ಹಲ್ಲು ಕಚ್ಚಿಕೊಂಡು ತನ್ನ ಕೈಯನ್ನೇ ಒತ್ತಿದಳು. ಅಷ್ಟೂ ನೊಣ ಗೂಡಿನ ಆಚೆ ಮೂಲೆಗೆ ಸರಿದು ಕೂತವು. ಒಂದೂ ಬರಲಿಲ್ಲ. ದಿನಕ್ಕೆ ನೂರರಂತೆ ಸಾಯತೊಡಗಿದವು.

“ಗುರುವಾರ ರಾಜಧಾನಿಯಿಂದ ಪರೀಕ್ಷಕರು ಬರ್ತಾರೆ. ಗೂಡಲ್ಲಿ ನೊಣ ಇರ್ಬೇಕು,” ಅಂದರು ತುಹಾಮಿ. “ಇಲ್ಲಾಂದ್ರೆ ನಿನ್ನ ಮೂರು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ನಿಮ್ಮಮ್ಮನ ಜೊತೆ ಆಲಿವ್ ಆರಿಸೋಕೆ ಹೋಗು.”

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಕೂಲಿಗೆ ಆಲಿವ್ ಆರಿಸಿಯೇ ಮಗಳನ್ನು ಓದಿಸಿದ್ದು. ಆ ಮಾತು ನಜ್ಲಾಗೆ ನಾಟಿತ್ತು. ಅದನ್ನು ನುಂಗಿಕೊಂಡೇ ಅವಳು ಆ ರಾತ್ರಿ ಬಾವಿಯ ಹತ್ತಿರ ಬಂದದ್ದು.

ಕಟ್ಟೆಯ ಆಚೆ ಯಾರೋ ಕೂತಿದ್ದರು. ಮುಖ ಕಾಣಲಿಲ್ಲ. ಅಂಗಿಯ ಬಲತೋಳು ಮೊಣಕೈಯ ತನಕ ಮಡಿಚಿತ್ತು. ಕೈಮೇಲೆ ನೀರು ಸುರಿಯುವ ಸದ್ದು... ಸೊಳ... ಸೊಳ... ಆ ನೀರು ನೆಲಕ್ಕೆ ಬಿದ್ದ ಸದ್ದು ಮಾತ್ರ ಬರಲಿಲ್ಲ. ವಿನೆಗರ್ ವಾಸನೆ ಬಂತು.

“ಹಸಿದಿದಾವಾ?” ಪಿಸುಮಾತು.

ನಜ್ಲಾಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. “ನೀನೇ ಕೆಡಿಸಿಟ್ಟು ಹೋದೆ ಅವನ್ನ.”

“ಹೂಂ.”

“ನನ್ನ ಕೈ ಮುಟ್ತಿಲ್ಲ.”

“ನಿನ್ನ ಕೈ ಯಾರಿಗೆ ಬೇಕೇ...” ಸ್ವಲ್ಪ ಹೊತ್ತು ನೀರಿನ ಸದ್ದು. “ಬೇರೆ ಕೈ ಕೊಡು.”

“ಯಾರದ್ದು?”

“ನೀನೇ ಹೇಳು. ಹೆಸರು ಬರೆಯೋಳೂ ನೀನೇ... ಅಳಿಸೋಳೂ ನೀನೇ.”

ಅಲ್ಲಿಂದ ಓಡಬೇಕಿತ್ತು. ಓಡಲಿಲ್ಲ ಹುಡುಗಿ. ಮೂರು ವರ್ಷದ ಹೊಟ್ಟೆಯುರಿ ಬಾಯಿಗೆ ಬಂತು.

“ಯಾರದ್ದಾದ್ರೂ ತಗೋ. ನನ್ನ ಕೆಲಸ ಆದ್ರೆ ಸಾಕು.”

ಟಕ್... ಟಕ್... ಟಕ್.

ಆಗ ಓಡಿದಳು. ಮನೆ ಸೇರುವ ತನಕ ಹಿಂದೆ ತಿರುಗಲಿಲ್ಲ. ಬೆಳಕು ಹರಿಯುವ ಮೊದಲೇ, ಅಮ್ಮ ಏಳುವ ಮುಂಚೆ, ಮೊದಲ ವ್ಯಾನು ಹಿಡಿದು ವಿಭಾಗಕ್ಕೆ ಹೋದಳು. ನೊಣದ ಕೋಣೆಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಹೆಣ್ಣುನೊಣಗಳೆಲ್ಲ ಬಲೆಗೆ ಅಂಟಿ ಕೂತಿದ್ದವು. ಹೊಟ್ಟೆ ದಾಳಿಂಬೆ ಕಾಳಿನ ಹಾಗೆ ಕೆಂಪು.

“ಕಡೆಗೂ ಇಲಿಗೆ ಒಗ್ಗಿಕೊಂಡ್ವು ನೋಡು,” ಅಂದರು ತುಹಾಮಿ.

ಇಲಿಗಳನ್ನು ಹಿಂದಿನ ಸಂಜೆಯೇ ಹೊರಗೆ ಸಾಗಿಸಿದ್ದರು. ಅದು ಅವರಿಗೂ ಗೊತ್ತಿತ್ತು. ಸುಳ್ಳು ಯಾಕೆ, ಅವತ್ತು ನಜ್ಲಾಗೆ ಖುಷಿಯೇ ಆಗಿತ್ತು.

ಸಂಜೆ ಮನೆಗೆ ಬಂದರೆ ದೊಡ್ಡಮ್ಮ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದರು.

“ಬಲಗೈ ಉರೀತಿದೆ ಕಣೇ. ರಾತ್ರಿ ಏನೋ ಕಚ್ಚಿದೆ.”

ನಜ್ಲಾ ತೋಳು ಸರಿಸಿ ನೋಡಿದಳು. ಕೆಂಪು ಚೌಕ. ನಾಲ್ಕು ಬೆರಳಗಲ. ಅಂಚು ಗೆರೆ ಎಳೆದ ಹಾಗೆ ನೇರ.

ಮಂಗಳವಾರ ರಾತ್ರಿ ಅಮ್ಮನ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ, ಅಂಚನ್ನೆಲ್ಲ ಹಾಸಿಗೆಯಡಿ ಸಿಕ್ಕಿಸಿ, ಪಕ್ಕದಲ್ಲೇ ಎಚ್ಚರವಾಗಿ ಕೂತಳು. ಏನೂ ಕಾಣಲಿಲ್ಲ. ಮರಳುನೊಣಕ್ಕೆ ಸದ್ದೂ ಇಲ್ಲ. ಬೆಳಗ್ಗೆ ಚೌಕ ಮತ್ತೆ ಹಸಿಯಾಗಿತ್ತು, ದೊಡ್ಡಮ್ಮನ ತುಟಿ ಬೆಳ್ಳಗಾಗಿತ್ತು.

“ನಿದ್ದೇಲಿ ಯಾರೋ ಬಾಗಿಲು ತಟ್ತಾರೆ ಕಣೇ,” ಅಂದರು. “ಮೂರು ಸಲ.”

ಬುಧವಾರ ಸಂಜೆ ಎಲ್ಲರೂ ಹೋದ ಮೇಲೆ ನಜ್ಲಾ ಗೂಡುಗಳನ್ನು ಒಂದೊಂದಾಗಿ ಹೊತ್ತು ಫ್ರೀಜರಿಗೆ ಹಾಕಿದಳು. ಮೊಟ್ಟೆ, ಮರಿ ಯಾವುದನ್ನೂ ಬಿಡಲಿಲ್ಲ. ಹತ್ತೊಂಬತ್ತು ವರ್ಷ ಬೆಳೆಸಿದ ಸಂತಾನ ಒಂದು ರಾತ್ರಿಯಲ್ಲಿ ಮುಗಿಯಿತು. ತನ್ನ ಮೂರು ವರ್ಷವೂ ಅದರ ಜೊತೆಗೇ ಹೋಯಿತು ಅಂತ ಗೊತ್ತಿದ್ದೇ ಮಾಡಿದಳು. ಗುರುವಾರ ಪರೀಕ್ಷಕರು ನೋಡಿದ್ದು ಬರೀ ಬಲೆ.

“ಹಾವಿಗೆ ಹಾಲೆರೆದೆ ನಾನು,” ಅಂದರು ತುಹಾಮಿ. ಎಲ್ಲರ ಮುಂದೆಯೇ ಅಂದರು. ಅವಳ ಚೀಲವನ್ನು ಬಾಗಿಲಾಚೆ ಇಟ್ಟರು. ಅಮ್ಮ ಉಳಿದರೆ ಸಾಕು ಅನ್ನಿಸಿತ್ತು ಅವಳಿಗೆ.

ಇದೆಲ್ಲ ಆಗಿ ನಾಲ್ಕು ವರ್ಷ. ಈಗ ಅವಳು ಊರ ಶಾಲೆಯಲ್ಲಿ ಪಾಠ ಹೇಳುತ್ತಾಳೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇಷ್ಟು ಮಾತ್ರ ನಾನೇ ಕಣ್ಣಾರೆ ಕಂಡದ್ದು. ಕಳೆದ ಆಗಸ್ಟಿನಲ್ಲಿ, ಗೋಡೆ ಮುಟ್ಟಿದರೆ ಸುಡುವ ಸೆಕೆಯಲ್ಲಿ, ಅವರ ಮನೆಗೆ ಊಟಕ್ಕೆ ಹೋಗಿದ್ದೆ. ದೊಡ್ಡಮ್ಮ ಅಂಗಿಯ ಎಡತೋಳು ಮಡಿಚಿದ್ದರು. ಬಲತೋಳು ಮಣಿಕಟ್ಟಿನ ತನಕ ಇಳಿದಿತ್ತು, ಗುಂಡಿ ಹಾಕಿತ್ತು. ಕುಸ್ಕುಸ್ ಬಡಿಸಲು ಬಗ್ಗಿದಾಗ ಗುಂಡಿ ಕಿತ್ತು ತೋಳು ಸರಿಯಿತು...

ನಾಲ್ಕು ಬೆರಳಗಲ. ಹಸಿಯಾಗಿತ್ತು.

“ಏನು ದೊಡ್ಡಮ್ಮಾ ಇದು?” ಅಂದೆ.

“ಸೊಳ್ಳೆ ಕಣೋ,” ಅಂದರು. “ಊಟ ಮಾಡು.”

ನಜ್ಲಾ ಒಳಗೆ ಹೋದಳು. ವಿನೆಗರ್ ಶೀಶೆ ತಂದು ಅಮ್ಮನ ಪಕ್ಕ ಇಟ್ಟಳು. ಸವರುವ ಬಟ್ಟೆ ಅದರ ಕತ್ತಿಗೆ ಮೊದಲೇ ಕಟ್ಟಿತ್ತು.