ತೆಂಗಿನಕಾಯಿಗೆ ಅಳತೆ ಹಿಡಿದ ಸ್ವೆಟರ್

ಪ್ರಿಯರೇ, ಕ್ರಿಸ್‌ಮಸ್ ಬಂದೇ ಬಿಟ್ಟಿತು. ಯಾರ ಮನೆ ಮುಂದೆ ಹೋದರೂ ಕರ್ಜಿಕಾಯಿ ಕರಿಯುವ ವಾಸನೆ. ಛತ್ರದಲ್ಲಿ ಜಾಗ ಸಿಗದೆ, ಹುಟ್ಟಿದ ಕೂಸನ್ನು ದನದ ಗೋದಲಿಯಲ್ಲಿ ಮಲಗಿಸಿದ ಆ ಗಂಡ ಹೆಂಡತಿಯ ಕಥೆಯನ್ನು ಬೈಬಲಿನಿಂದ ಇವತ್ತೂ ಕೇಳಿದೆವು. ಕೇಳಿದ ಕೂಡಲೇ ಏನು ಮಾಡುತ್ತೇವೆ? ಛತ್ರದವನನ್ನು ಬೈಯುತ್ತೇವೆ. ಪ್ರತಿ ವರ್ಷ ಪಾಪ ಅವನೇ ಸಿಗುತ್ತಾನೆ. ಈ ವರ್ಷ ಅವನಿಗೆ ರಜೆ ಕೊಡೋಣ. ನಾನು ಬೇರೆಯವರ ಕಥೆ ಹೇಳುತ್ತೇನೆ. ಹಿಂದಿನ ಬೆಂಚಿನವರೇ, ನಿಮಗೂ ಕೇಳಿಸುತ್ತಿದೆ ತಾನೇ? ಕೇಳಿಸಲಿ. ಇದು ನಿಮ್ಮ ಕಥೆಯೂ ಹೌದು.

ಒಂದೂರಿತ್ತು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಚಿಕ್ಕಮ್ಮನೋ ಸೋದರತ್ತೆಯೋ ಅಲ್ಲೇ ಇರುತ್ತಾರೆ, ನನ್ನ ಗತಿ ಮುಗಿಯಿತು. ಆ ಊರಲ್ಲಿ ಒಬ್ಬ ಶ್ರೀಮಂತ ಹೆಂಗಸು, ಪ್ರಿಸ್ಕಿಲ್ಲಾಬಾಯಿ. ಊರೆಲ್ಲ ಅವರನ್ನು ಕರೆಯುತ್ತಿದ್ದುದು 'ಬಾಯಾರು' ಅಂತ. ಮಹಡಿ ಮನೆ, ಮನೆ ತುಂಬ ಗಾಜಿನ ಕಪಾಟು, ಕಪಾಟಿನ ತುಂಬ ಯಾರೂ ಟೀ ಕುಡಿಯದ ಕಪ್ಪು ಬಸಿ. ಕೆಟ್ಟವರಾ? ಅಲ್ಲವೇ ಅಲ್ಲ. ದಾನ ಮಾಡುತ್ತಿದ್ದರು, ಹಾಡುತ್ತಿದ್ದರು, ಹೆಣಿಗೆಯಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಅವರು ಹೆಣೆದ ಶಾಲನ್ನು ತಿರುಗಿಸಿ ನೋಡಿದರೆ ಹಿಂದು ಯಾವುದು ಮುಂದು ಯಾವುದು ಗೊತ್ತಾಗುತ್ತಿರಲಿಲ್ಲ.

ಆ ಊರಿನ ಚರ್ಚಿನ ಗೇಟಿಗೆ ಎದುರಾಗಿ ಜೈತುನಬಿಯ ಉಲ್ಲನ್ ಅಂಗಡಿ. ನೋಡಿ, ಅಂಗಡಿ ಅಂದರೆ ಇಷ್ಟೇ ಇಷ್ಟು. ಒಳಗೆ ಉಲ್ಲನ್ ಹಿಡಿಸುತ್ತಿತ್ತು, ಮನುಷ್ಯರು ಹಿಡಿಸುತ್ತಿರಲಿಲ್ಲ. ಹಾಗಾಗಿ ಚಳಿ ಶುರುವಾದ ಕೂಡಲೇ ಜೈತುನಬಿ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸುತ್ತಿದ್ದಳು. ಅಲ್ಲಿ ಕೂತು ಹೆಂಗಸರು ಕಸಬರಿಗೆ ಕಡ್ಡಿಗೆ ಬಣ್ಣದ ಉಲ್ಲನ್ ಸುತ್ತಿ ನಕ್ಷತ್ರ ಮಾಡುತ್ತಿದ್ದರು. ಮಕ್ಕಳ ಟೊಪ್ಪಿಗೆ, ಕಾಲುಚೀಲ, ಮಫ್ಲರ್ ಎಲ್ಲ ಅಲ್ಲೇ. ಚರ್ಚಿಗೆ ಹೋಗುವವರೂ ಹೋಗದವರೂ ಅಕ್ಕಪಕ್ಕ. ರೊಟ್ಟಿ ಮಾರುವ ಗುರವ್ವ ಬುಟ್ಟಿ ಖಾಲಿ ಮಾಡಿಕೊಂಡು ಬಂದು ಕಾಲು ಚಾಚಿ ಕೂತರೆ, ಆಮೇಲೆ ಬೀದಿಯ ಸುದ್ದಿಯೆಲ್ಲ ಅಲ್ಲಿಗೇ ಬರುತ್ತಿತ್ತು.

ಆ ಕಟ್ಟೆಗೊಂದು ಪದ್ಧತಿ. ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿನ ಅಂಗಳದ ಗೋದಲಿಯಲ್ಲಿ ಗೊಂಬೆ ಮಲಗಿಸುತ್ತಿರಲಿಲ್ಲ. ಆ ವರ್ಷ ಹುಟ್ಟಿದ ಒಂದು ಜೀವಂತ ಕೂಸನ್ನೇ ಮಲಗಿಸುತ್ತಿದ್ದರು. ಕೂಸಿನ ಸ್ವೆಟರ್ ಕಟ್ಟೆಯವರದು. ಆದರೆ ಒಬ್ಬರೇ ಹೆಣೆಯುವ ಹಾಗಿಲ್ಲ! ಅರ್ಧ ಹೆಣೆದ ಸ್ವೆಟರ್ ಹೆಣಿಗೆ ಕಡ್ಡಿಯ ಸಮೇತ ಒಂದು ಬುಟ್ಟಿಯಲ್ಲಿರುತ್ತಿತ್ತು. ಗುಂಡಿ ಕೊಳ್ಳಲು ಬಂದವಳು ಒಂದು ಸಾಲು, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಬಂದವಳು ಒಂದು ಸಾಲು. ಒಬ್ಬಳ ಸಾಲು ಬಿಗಿ, ಇನ್ನೊಬ್ಬಳದು ಸಡಿಲ. ಯಾರ ಸಾಲನ್ನೂ ಯಾರೂ ಬಿಚ್ಚಬಾರದು. ಕೊನೆಗೆ ಕುತ್ತಿಗೆಯ ಸಾಲು ಮುಚ್ಚುವ ದಿನ ಕೂಸನ್ನೇ ಕಟ್ಟೆಗೆ ಕರೆಸಿ, ತಲೆಗೆ ಹಾಕಿ ನೋಡಿ, ಆಮೇಲೇ ಮುಚ್ಚುವುದು. ಚಂದ ಕಾಣುತ್ತಿತ್ತಾ ಆ ಸ್ವೆಟರ್? ಸುಳ್ಳು ಹೇಳಬಾರದು, ಇಲ್ಲ. ಆದರೆ ಹಾಕಿಕೊಂಡ ಕೂಸು ಯಾವತ್ತೂ ಚಳಿಗೆ ಅತ್ತದ್ದಿಲ್ಲ.

ಬಾಯಾರು ಈ ಕಟ್ಟೆಗೆ ಬರುತ್ತಿದ್ದರಾ? ಬರುತ್ತಿದ್ದರು. ಚಾಪೆಯ ಮೇಲೆ ಕೂರುತ್ತಿದ್ದರಾ? ಇಲ್ಲ. ಮನೆಯಿಂದ ಕುರ್ಚಿ ತರಿಸುತ್ತಿದ್ದರು.

ಆ ವರ್ಷ ಗೋದಲಿಗೆ ಆರಿಸಿದ್ದು ದೀನಾಳ ಮಗನನ್ನು. ದೀನಾ ಬೇಕರಿ ಕೆಲಸದವನ ಹೆಂಡತಿ, ಊರಿಗೆ ಹೊಸಬಳು. ಕೂಸಿಗೆ ಆಗಷ್ಟೇ ನೆಗಡಿ ಜ್ವರ ಬಂದು ಹೋಗಿತ್ತು. ಅವಳು ಪಾಸ್ಟರಿಗೆ ಮೊದಲೇ ಹೇಳಿಬಿಟ್ಟಳು:

"ಅಂಗಳದಾಗ ಥಂಡಿ ಭಾಳ ಐತ್ರಿ. ಮೈತುಂಬ ಸ್ವೆಟರ್ ಇದ್ರ ಮಲಗಸ್ತೀನಿ. ಶಾಲು ಹೊಚ್ಚಿದ್ರ ಒದ್ದು ಒಗೀತಾನ. ಸ್ವೆಟರ್ ಇಲ್ಲಾಂದ್ರ ಸಿಟ್ಟಾಗಬ್ಯಾಡ್ರಿ, ನಾ ಕೂಸಿನ್ನ ಕೊಡಾಂಗಿಲ್ಲ."

ತಾಯಿ ಹೇಳಿದ್ದು ನ್ಯಾಯ. ಹಾಗಾಗಿ ಸ್ವೆಟರ್ ಇದ್ದರೆ ಗೋದಲಿಯಲ್ಲಿ ಕೂಸು, ಇಲ್ಲದಿದ್ದರೆ ಬರೀ ಹುಲ್ಲು.

ಹಬ್ಬ ಹತ್ತಿರ ಬಂತು. ಒಂದು ಮಧ್ಯಾಹ್ನ ಬಾಯಾರು ಬುಟ್ಟಿಯಿಂದ ಸ್ವೆಟರ್ ಎತ್ತಿ ಬೆಳಕಿಗೆ ಹಿಡಿದರು. ಮುಖ ಹಿಂಡಿದರು.

"ಜೈತುನಬಿ, ಏನಿದು? ಮೀನ ಹಿಡಿಯೋ ಬಲಿ ಇದ್ದಂಗೈತಿ!"

"ಅದು ಗುರವ್ವನ ಸಾಲ್ರಿ ಬಾಯಾರ."

"ಬಲಿ ಅಂದ್ರ ಬಲಿನ ಬಿಡ್ರಿ," ಅಂದಳು ಗುರವ್ವ, ರೊಟ್ಟಿಯ ಹಿಟ್ಟು ಕೊಡವಿಕೊಳ್ಳುತ್ತ. "ನನ್ನ ಸಾಲಿನಾಗ ಕೂಸಿಗೆ ಗಾಳಿ ಬರ್ತೈತಿ, ಮುಂದಿನ ಸಾಲಿನಾಗ ಬೆಚ್ಚಗಾಕ್ಕೈತಿ. ಫ್ಯಾನು ಹೀಟರು ಎರಡೂ ಒಂದರಾಗ!"

ಕಟ್ಟೆಯೆಲ್ಲ ನಕ್ಕಿತು. ಬಾಯಾರು ನಗಲಿಲ್ಲ. "ಉಳಿದದ್ದು ನಾ ಮನ್ಯಾಗ ಮುಗಿಸಿ ತರ್ತೀನಿ" ಅಂತ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡು ನಡೆದರು. ದೊಡ್ಡವರು, ಹಬ್ಬ ಬೇರೆ ಹತ್ತಿರ. ಯಾರು ಬೇಡ ಅನ್ನುತ್ತಾರೆ?

ಮನೆಗೆ ಹೋಗಿ ಏನು ಮಾಡಿದರು? ಉಳಿದದ್ದನ್ನು ಮುಗಿಸಿದರಾ? ಇಲ್ಲ ಪ್ರಿಯರೇ! ಕತ್ತರಿ ತಗೊಂಡು ಒಂದು ಗಂಟು ಕತ್ತರಿಸಿದರು, ದಾರದ ತುದಿ ಹಿಡಿದು ಎಳೆದರು. ಸರ್ರನೆ ಗುರವ್ವನ ಸಾಲು ಹೋಯಿತು. ಸರ್ರನೆ ಜೈತುನಬಿಯ ಸಾಲು ಹೋಯಿತು. ಎಲ್ಲರ ಸಾಲೂ ಹೋಗಿ ಒಂದು ಉಂಡೆಯಾಯಿತು. ಆಮೇಲೆ ಪೇಟೆಯಿಂದ ಬೆಣ್ಣೆಯಂಥ ಬಿಳಿ ಉಲ್ಲನ್ ತರಿಸಿ ಹೊಸದೇ ಹೆಣೆದರು. ಎದೆಯ ಮೇಲೆ ನಕ್ಷತ್ರ, ತೋಳಿನ ಮೇಲೆ ಬಳ್ಳಿ. ಹೆಣೆದ ಕೈಯಲ್ಲಿ ದ್ವೇಷವಿತ್ತಾ? ಇಲ್ಲವೇ ಇಲ್ಲ, ಬರೀ ಪ್ರೀತಿ. ಅದೇ ನೋಡಿ ಇದರಲ್ಲಿ ಕಷ್ಟ. ಪ್ರೀತಿಯಿಂದಲೇ ಮಾಡುತ್ತಿದ್ದರು.

ಕುತ್ತಿಗೆ ಮುಚ್ಚುವ ಹೊತ್ತು ಬಂತು. ಕೂಸಿನ ಮನೆ ಎರಡು ಓಣಿ ಆಚೆ. ಹೇಳಿ ಕಳಿಸಿದ್ದರೆ ದೀನಾ ಓಡಿ ಬರುತ್ತಿದ್ದಳು. ಬಾಯಾರಿಗೆ ಅದು ಹೊಳೆಯಲೇ ಇಲ್ಲ. ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತರಿಸಿದರು. ಜುಟ್ಟು ಕಿತ್ತ ತೆಂಗಿನಕಾಯಿ! ಅದಕ್ಕೆ ಸ್ವೆಟರ್ ಹಾಕಿ ನೋಡಿದರು. ಹಿಡಿಸಿತು. ತೆಂಗಿನಕಾಯಿ ಏನೂ ಅನ್ನಲಿಲ್ಲ, ಅಳಲಿಲ್ಲ. ಇನ್ನಷ್ಟು ಬಿಗಿಯಿದ್ದರೆ ಅಂಚು ನೀಟಾಗಿ ಕೂರುತ್ತದೆ ಅಂತ ಬಿಗಿಯಾಗಿ ಎಳೆದು ಮುಚ್ಚಿಯೇ ಬಿಟ್ಟರು.

ಕ್ರಿಸ್‌ಮಸ್ ಹಿಂದಿನ ಸಂಜೆ. ಬೀದಿ ತುಂಬ ಉಲ್ಲನ್ ನಕ್ಷತ್ರ. ಕಟ್ಟೆಯ ಮೇಲೆ ದೀನಾ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಾಳೆ. ಬಾಯಾರು ಬಂದರು, ಪೊಟ್ಟಣ ಬಿಚ್ಚಿದರು. ಆಹಾ, ಆ ಸ್ವೆಟರ್! ಒಂದು ಕ್ಷಣ ಎಲ್ಲರೂ ಬಾಯಿ ತೆರೆದರು. ಆಮೇಲೆ ಜೈತುನಬಿ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ ಕೇಳಿದಳು:

"ಬಾಯಾರ, ನಮ್ಮ ಸಾಲು?"

"ಬಿಚ್ಚಿ ಉಂಡೆ ಮಾಡಿಟ್ಟೀನಿ. ಹಾಳೇನ್ ಮಾಡಿಲ್ಲ, ವಾಪಸ್ ಕೊಡ್ತೀನಿ."

ಗುರವ್ವ ಸ್ವೆಟರನ್ನು ಒಳಗೂ ಹೊರಗೂ ತಿರುಗಿಸಿ ತನ್ನ ಸಾಲು ಹುಡುಕಿದಳು.

"ಮೊದಲು ಕೂಸಿಗೆ ಹಾಕ್ರಿ," ಅಂದಳು ಜೈತುನಬಿ.

ಹಾಕಿದರು. ತಲೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಎಳೆದರು. ಹಣೆಯವರೆಗೆ ಬಂದು ನಿಂತಿತು. ಒಳಗಿಂದ ಕೂಸು ಮೊದಲು ಕುಂಯ್ ಅಂತು, ಆಮೇಲೆ ಊರು ಹಾರಿಹೋಗುವ ಹಾಗೆ ಕಿರುಚಿತು. ಎಲ್ಲರೂ ಒಟ್ಟಿಗೆ ಒದರಿದರು. ಎಳೀರಿ, ಬ್ಯಾಡ ಎಳೀಬ್ಯಾಡ್ರಿ, ಕಿವಿ ಜ್ವಾಕಿ, ಎಣ್ಣಿ ಹಚ್ಚರಿ! ದೀನಾ ಥಟ್ಟನೆ ಸ್ವೆಟರ್ ಕಿತ್ತು ತೆಗೆದು ಮಗನನ್ನು ಎದೆಗವಚಿಕೊಂಡಳು.

"ಅಳತಿ ಯಾರಿಗೆ ಹಿಡದಿದ್ರಿ ಬಾಯಾರ?" ಅಂತ ಕೇಳಿದಳು.

ಬಾಯಾರು ನೆಲ ನೋಡುತ್ತ ಮೆಲ್ಲಗೆ ಅಂದರು, "ತೆಂಗಿನಕಾಯಿಗೆ."

"ಏನಂದ್ರಿ?"

"ತೆಂಗಿನಕಾಯಿಗವ್ವಾ."

ಗುರವ್ವ ಇನ್ನು ಸುಮ್ಮನಿರುತ್ತಾಳಾ? "ಎವ್ವಾ ದೇವರ! ಹಂಗಾರ ಗೋದಲ್ಯಾಗ ತೆಂಗಿನಕಾಯಿನ ಮಲಗಸ್ರಿ! ಹಾಡು ಮುಗದ ಮ್ಯಾಲ ಒಡದು ಚಟ್ನಿ ಮಾಡೂಣು!"

ದೀನಾಳಿಗೆ ನಗು ಬರಲಿಲ್ಲ. ಅವಳು ಎದ್ದು ನಿಂತಳು. "ನಾ ಮನೀಗೆ ಹೋಕ್ಕೀನ್ರಿ. ಕೂಸಿಗೆ ಮತ್ತ ಥಂಡಿ ಹತ್ತಿದ್ರ ಯಾರ ನೋಡಾವ್ರು?"

ಎದುರಿನ ಅಂಗಳದಲ್ಲಿ ಹುಲ್ಲು ಹಾಸಿದ ಗೋದಲಿ ಕಾಣುತ್ತಿತ್ತು. ಜನ ಬಂದು ಕೂರುತ್ತಿದ್ದರು. ಊರಿಗೇ ಚಂದದ ಸ್ವೆಟರ್ ಬಾಯಾರ ಕೈಯಲ್ಲಿತ್ತು, ಗೋದಲಿ ಖಾಲಿಯಾಗುವುದರಲ್ಲಿತ್ತು. ಯಾರಿಂದ? ತಮ್ಮಿಂದ. ಇದು ಬಾಯಾರಿಗೆ ಆಗ ತಿಳಿಯಿತು. ಈಗ ಅವರು ಏನು ಮಾಡಬಹುದಿತ್ತು? ಕೂಸಿನ ತಲೆಯೇ ದಪ್ಪ ಅನ್ನಬಹುದಿತ್ತು. ನಗಬೇಡಿ! ನಾವು ಹಾಗೇ ಅನ್ನುತ್ತೇವೆ. ನಾವು ಕೊಟ್ಟದ್ದು ಇನ್ನೊಬ್ಬರಿಗೆ ಹಿಡಿಸದಿದ್ದರೆ, ತಪ್ಪು ಅವರ ತಲೆಯದೇ ಅನ್ನುತ್ತೇವೆ.

ಬಾಯಾರು ಹಾಗನ್ನಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಒತ್ತಿಕೊಂಡು ಚಾಪೆಯ ಮೇಲೆ ಕೂತುಬಿಟ್ಟರು.

"ದೀನಾ, ಹೋಗಬ್ಯಾಡವ್ವಾ. ನಾ ಬಿಚ್ಚತೀನಿ. ನಿನ್ನ ಮಗನ ತಲಿ ಇಲ್ಲಿ ತಾ, ನೋಡಿ ಮಾಡ್ತೀನಿ."

ಕುತ್ತಿಗೆ ಬಿಚ್ಚಿದರು. ಮತ್ತೆ ಮುಚ್ಚಲು ಹೋದರೆ ಗಾಬರಿಗೆ ಕೈ ಇನ್ನೂ ಬಿಗಿಯಾಯಿತು.

"ಸಡಿಲ ಬಿಡ್ರಿ," ಅಂದಳು ಜೈತುನಬಿ. "ಉಲ್ಲನ್ ಏನ್ ಓಡಿ ಹೋಗಾಂಗಿಲ್ಲ."

"ನನ್ನ ಕೈ ಕೇಳವಲ್ದು ಜೈತುನಬಿ. ನೀವಾರ ಹಿಡೀರಿ. ಗುರವ್ವಾ, ನೀನೂ ಹಿಡಿ."

"ಮತ್ತ ಬಲಿ ಆಕ್ಕೈತಿ ನೋಡ್ರಿ?"

"ಆಗ್ಲಿ ತಾಯಿ!"

ಆಮೇಲೆ ಕಡ್ಡಿ ಕೈಯಿಂದ ಕೈಗೆ ದಾಟಿತು. ಜೈತುನಬಿ ಸ್ವಲ್ಪ ಮುಚ್ಚಿದಳು, ಗುರವ್ವ ಸ್ವಲ್ಪ. ಕೂಸು ಬಾಯಾರ ತೊಡೆಯ ಮೇಲೆ. ಅವರು ಅದರ ತಲೆಯನ್ನು ಅಂಗೈಯಲ್ಲಿ ಹಿಡಿದಿದ್ದರು, ಮಧ್ಯೆ ಮಧ್ಯೆ ಸ್ವೆಟರ್ ಹಾಕಿ ನೋಡುತ್ತಿದ್ದರು. ಅಷ್ಟರಲ್ಲಿ ಕೂಸು ತನ್ನ ಕೆಲಸ ಮಾಡಿ ಮುಗಿಸಿತು. ರೇಷ್ಮೆ ಸೀರೆಯ ಮೇಲೆ! ದೀನಾ ಹೌಹಾರಿ ಕೈ ಚಾಚಿದಳು.

"ಇರ್ಲಿ ಬಿಡ," ಅಂದರು ಬಾಯಾರು. "ಬೆಚ್ಚಗೈತಿ."

ಅಳುವ ಹಾಗಿದ್ದ ದೀನಾ ಆಗ ಫಕ್ಕನೆ ನಕ್ಕಳು.

ಗಂಟೆ ಹೊಡೆಯಿತು. ಕೊನೆಯ ಕುಣಿಕೆ ಮುಚ್ಚಿ, ಬಟ್ಟೆ ಬದಲಿಸಿದ ಕೂಸಿಗೆ ಸ್ವೆಟರ್ ಹಾಕಿದರು. ಹಣೆ ಬಂತು. ಕಿವಿ ಬಂತು. ಇಡೀ ಮುಖ ಪುಳಕ್ಕನೆ ಹೊರಗೆ ಬಂತು! ಕೂಸು ಒಮ್ಮೆ ಸೀನಿತು. ಎಲ್ಲರೂ ತಾಯಿಯ ಮುಖ ನೋಡಿದರು. ದೀನಾ ಮಗನ ಹಣೆ ಮುಟ್ಟಿದಳು, ಕೈ ಮುಟ್ಟಿದಳು, ಕುತ್ತಿಗೆಯೊಳಗೆ ಬೆರಳಿಟ್ಟು ನೋಡಿದಳು.

"ಬೆಚ್ಚಗದಾನ. ನಡೀರಿ."

ಆ ಸಂಜೆ ಗೋದಲಿ ಖಾಲಿಯಿರಲಿಲ್ಲ. ಕೂಸಿನ ಕುತ್ತಿಗೆಯ ಸುತ್ತ ಅಂಚು ಹಪ್ಪಳದ ಹಾಗೆ ಸೊಟ್ಟಪಟ್ಟ. ಬಾಯಾರು ಒದ್ದೆ ಸೀರೆಯಲ್ಲೇ ಮುಂದಿನ ಸಾಲಲ್ಲಿ ನಿಂತು, ಎಲ್ಲರಿಗಿಂತ ಜೋರಾಗಿ ಹಾಡಿದರು.

ಪ್ರಿಯರೇ, ಕಥೆ ಇಷ್ಟೇ. ಈಗ ನಾವು. ತಪ್ಪಿಸಿಕೊಳ್ಳಬೇಡಿ, ಬಾಗಿಲ ಹತ್ತಿರ ಕೂತವರೇ, ನಿಮ್ಮನ್ನೂ ನೋಡುತ್ತಿದ್ದೇನೆ.

ಬಾಯಾರಲ್ಲಿ ಪ್ರೀತಿ ಕಡಿಮೆಯಿತ್ತಾ? ಇಲ್ಲ. ಕೈ ಕೆಲಸ ಬರುತ್ತಿರಲಿಲ್ಲವಾ? ಬರುತ್ತಿತ್ತು. ಕೂಸೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಹತ್ತಿರವಿತ್ತು. ನಾವು ಎಷ್ಟು ಪ್ರೀತಿಯನ್ನು ಹೀಗೆ ತೆಂಗಿನಕಾಯಿಗೆ ಅಳತೆ ಹಿಡಿದು ಹಂಚುತ್ತೇವೆ, ಹೇಳಿ! ಸಕ್ಕರೆ ಕಾಯಿಲೆಯ ಅಜ್ಜನಿಗೆ ಡಬ್ಬಿ ತುಂಬ ಸಿಹಿ ಕಳಿಸುತ್ತೇವೆ. ಹಾಸ್ಟೆಲ್ ಮಕ್ಕಳಿಗೆ ಒಂದೇ ಅಳತೆಯ ಅಂಗಿ ತಂದು ಫೋಟೋ ತೆಗೆಸಿಕೊಳ್ಳುತ್ತೇವೆ. ಮನೆಗೆ ಬಂದ ಸೊಸೆಗೆ ಏನು ಇಷ್ಟ ಅಂತ ಮಗನನ್ನು ಕೇಳುತ್ತೇವೆ, ಸೊಸೆಯನ್ನು ಕೇಳುವುದಿಲ್ಲ. ಅವಳು ಮಡಿಸಿದ ಕರ್ಜಿಕಾಯಿಯನ್ನು ಅವಳು ಆಚೆ ಹೋದ ಮೇಲೆ ಬಿಚ್ಚಿ ಮತ್ತೆ ಮಡಿಸುತ್ತೇವೆ. ಹೌದೋ ಅಲ್ಲವೋ? ಯಾಕೆ ಎಲ್ಲರೂ ನೆಲ ನೋಡುತ್ತಿದ್ದೀರಿ?

ಈ ವಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಸೊಸೆಯ ಕರ್ಜಿಕಾಯಿ ಸೊಟ್ಟಗಿದ್ದರೆ ಸೊಟ್ಟಗೇ ಎಣ್ಣೆಗೆ ಬಿಡಿ. ಬಾಯಿಗೆ ಸೊಟ್ಟ ಯಾವುದು ನೆಟ್ಟಗಿನದು ಯಾವುದು ಗೊತ್ತಾಗುವುದಿಲ್ಲ. ಮಕ್ಕಳು ಕಟ್ಟಿದ ನಕ್ಷತ್ರ ವಾಲಿದ್ದರೆ ಅವರು ಮಲಗಿದ ಮೇಲೆ ಎದ್ದು ಸರಿ ಮಾಡಬೇಡಿ. ಮತ್ತೆ, ಯಾರಿಗಾದರೂ ಏನಾದರೂ ಕೊಡಬೇಕೆಂದು ಮನಸ್ಸಾದರೆ, ಅಂಗಡಿಗೆ ಹೋಗುವ ಮುಂಚೆ ಅವರ ಮನೆಗೆ ಹೋಗಿ. ಅವರು ಕೂರು ಅಂದ ಕಡೆ ಕೂತುಕೊಳ್ಳಿ.

ಇವತ್ತು ಆಶೀರ್ವಾದ ಮುಗಿದ ಕೂಡಲೇ ಗಾಡಿಯ ಕೀಲಿ ಹುಡುಕಬೇಡಿ. ಇಷ್ಟು ವರ್ಷ ನೋಡಿಯೂ ಯಾರ ಮನೆಯೊಳಗೆ ನೀವು ಕಾಲಿಟ್ಟಿಲ್ಲವೋ, ಅಂಥ ಒಬ್ಬರ ಹತ್ತಿರ ಹೋಗಿ. "ಹಬ್ಬಕ್ಕೆ ನಿಮಗೇನು ಬೇಕು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಮೊದಲು ಅವರು 'ಏನೂ ಬೇಡ' ಅನ್ನುತ್ತಾರೆ. ಎಲ್ಲರೂ ಹಾಗೇ ಅನ್ನುವುದು. ಆಗಲೂ ಅಲ್ಲೇ ನಿಂತಿರಿ. ಹೊರಗೆ ಕೊಡುವ ಟೀ ಆರಿಹೋದರೆ ಹೋಗಲಿ, ಅವರು ನಿಜ ಹೇಳುವವರೆಗೂ ನಿಂತಿರಿ.