ಸೆಣಬಿನ ದಾರ ಹರಿದ ಬಗ್ಗೆ ಮುನಿರತ್ನಮ್ಮನವರ ಹೇಳಿಕೆ

ಹೆಸರು ಮುನಿರತ್ನಮ್ಮ, ಗಂಡ ದಿವಂಗತ ಬಚ್ಚಪ್ಪ, ವಯಸ್ಸು 58 ವರ್ಷ, ತರಕಾರಿ ವ್ಯಾಪಾರ, ವಾಸ ನಾಲ್ಕನೇ ಮುಖ್ಯರಸ್ತೆಯ ಹಿಂದಿನ ಗಲ್ಲಿ, ಚಾಮರಾಜಪೇಟೆ, ಬೆಂಗಳೂರು. ಕುದುರೆ ಕದ್ದವಳೆಂದು ನನ್ನ ಮೇಲೆ ಬಂದಿರುವ ದೂರಿನ ವಿಚಾರವಾಗಿ ಈ ದಿನ ದಿನಾಂಕ 09.02.2025 ರ ಭಾನುವಾರ ಸಂಜೆ 4.10 ಗಂಟೆಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಮೂವತ್ತೊಂದು ವರ್ಷ ಕುದುರೆಗಾಡಿ ಓಡಿಸಿದವರು. ಜಟಕಾ ಹತ್ತುವ ಜನ ಇಲ್ಲದಂತಾದ ಮೇಲೆ ಅದೇ ಗಾಡಿಯಲ್ಲಿ ಮಾರ್ಕೆಟ್ಟಿನಿಂದ ಗಾಂಧಿ ಬಜಾರಿಗೆ ನನ್ನ ತರಕಾರಿ ತರುತ್ತಿದ್ದರು. ನಮ್ಮ ಕೊನೆಯ ಕುದುರೆ ಸಂಪಿಗೆ ಎಂಬ ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ಬಿಳಿ ಚುಕ್ಕೆ ಇದೆ. ಮನೆ ಪಕ್ಕದ ಲಾಯದಲ್ಲೇ ಹುಟ್ಟಿದ್ದು. ನಮಗೆ ಮಕ್ಕಳಿಲ್ಲ. 2022 ರ ಆಗಸ್ಟ್‌ನಲ್ಲಿ ಗಂಡ ತೀರಿಕೊಂಡರು, ನನ್ನ ಮೊಣಕಾಲೂ ಕೈಕೊಟ್ಟಿತು. 2023 ರ ಜನವರಿಯಲ್ಲಿ ಕೆಂಗೇರಿಯ ಆಚೆ ಸವಾರಿ ಶಾಲೆ ನಡೆಸುವ ಶಿವಶಂಕರ್ ಎಂಬುವರಿಗೆ ಸಂಪಿಗೆಯನ್ನು ನಾನೇ ಕೈಯಾರೆ ಕೊಟ್ಟೆ. ಕೊಟ್ಟಿದ್ದು ಕೊಟ್ಟಿದ್ದೇ, ಅದರಲ್ಲಿ ತಕರಾರಿಲ್ಲ. ಅಲ್ಲಿ ಅವಳಿಗೆ ಯಾವುದೋ ಇಂಗ್ಲಿಷ್ ಹೆಸರಿಟ್ಟಿದ್ದಾರೆ. ಅದು ನನ್ನ ನಾಲಿಗೆಗೆ ಹೊರಳುವುದಿಲ್ಲವಾದ್ದರಿಂದ ಇಲ್ಲಿ ಸಂಪಿಗೆ ಎಂದೇ ಬರೆಸಿದ್ದೇನೆ. ನೋಡಲು ಎರಡು ಸಲ ಹೋಗಿದ್ದೆ. ಎರಡು ಸಲವೂ ವಾಪಸ್ ಬಂದ ದಿನ ಒಲೆ ಹಚ್ಚಲಿಲ್ಲ. ಆಮೇಲೆ ಹೋಗುವುದನ್ನು ಬಿಟ್ಟೆ.

ಬಸವನಗುಡಿಯ ಒಂದು ಶಾಲೆಯ ಮೈದಾನದಲ್ಲಿ ಈ ಭಾನುವಾರ ಮಕ್ಕಳ ಕುದುರೆ ಸವಾರಿ ಸ್ಪರ್ಧೆ ಇದೆಯೆಂದು ಗಾಂಧಿ ಬಜಾರಿನಲ್ಲಿ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಸಂಪಿಗೆಯ ಫೋಟೋ ಇತ್ತು. ಈ ದಿನ ಬೆಳಿಗ್ಗೆ 10.20ಕ್ಕೆ ತಳ್ಳುಗಾಡಿಗೆ ಟಾರ್ಪಾಲು ಹೊದಿಸಿ, ಅರ್ಧ ಕೆಜಿ ಕ್ಯಾರೆಟ್ ತೆಗೆದುಕೊಂಡು ಮೈದಾನಕ್ಕೆ ಹೋದೆ. ಗೇಟಿನ ಎಡಕ್ಕೆ ಕುದುರೆ ತಂದ ಆರು ಲಾರಿಗಳು ಪಕ್ಕಪಕ್ಕಕ್ಕೆ ಒತ್ತೊತ್ತಾಗಿ ನಿಂತಿದ್ದವು. ನಡುವೆ ಮೂರು ಅಡಿ ಜಾಗವೂ ಇರಲಿಲ್ಲ. ಮೂರನೆಯ ಲಾರಿಯ ಹಿಂಬದಿಯ ಕಬ್ಬಿಣದ ಬಳೆಗೆ ಸಂಪಿಗೆಯನ್ನು ಕಟ್ಟಿದ್ದರು. ಹಗ್ಗ ನೈಲಾನಿನದು, ಬೆರಳು ಗಾತ್ರ, ಗಂಟು ಬಿಗಿ. ಅವಳು ನನ್ನ ಕಡೆ ಕಿವಿ ತಿರುಗಿಸಿದಳು, ಮುಖ ತಿರುಗಿಸಲಿಲ್ಲ. ಎರಡು ವರ್ಷದ ಕೋಪ ಎಂದುಕೊಂಡೆ. ಕ್ಯಾರೆಟ್ ಮಾತ್ರ ಪೂರ್ತಿ ತಿಂದಳು.

ಕುದುರೆಯನ್ನು ವಾಹನಕ್ಕೆ ಕಟ್ಟುವಾಗ ನಮ್ಮ ಮನೆಯಲ್ಲಿ ಒಂದು ಕಟ್ಟಲೆ ಇತ್ತು. ಬಳೆಗೆ ಮೊದಲು ಸೆಣಬಿನ ದಾರದ ಕುಣಿಕೆ, ಆ ಕುಣಿಕೆಗೆ ಹಗ್ಗ. ಕುದುರೆ ಬೆದರಿ ಜಗ್ಗಿದರೆ ದಾರ ಹರಿಯಬೇಕು, ಕತ್ತು ಮುರಿಯಬಾರದು. ನೇರ ಹಗ್ಗ ಕಟ್ಟಿದವರನ್ನು ನನ್ನ ಗಂಡ ಮಾತಾಡಿಸುತ್ತಲೇ ಇರಲಿಲ್ಲ. ಮೂಟೆ ಹೊಲಿಯುವ ಸೆಣಬಿನ ದಾರ ನನ್ನ ಸೊಂಟದ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಲಾರಿಯ ಚಾಲಕ ಮನೋಹರ್ ಎಂಬುವರು ಬಾಗಿಲ ಬಳಿ ಫೋನಿನಲ್ಲಿ ಮಾತಾಡುತ್ತಿದ್ದರು. ಹೀಗೆ ಕಟ್ಟಿದರೆ ಅಪಾಯ, ದಾರ ಹಾಕುತ್ತೇನೆ ಎಂದು 10.45ಕ್ಕೆ ಅವರಿಗೆ ಹೇಳಿದೆ. ಅವರು ಫೋನನ್ನು ಕಿವಿಯಿಂದ ತೆಗೆಯದೆ, "ಏನಾದ್ರೂ ಮಾಡ್ಕೊಳ್ಳಮ್ಮ, ತಲೆ ತಿನ್ಬೇಡ" ಎಂದರು. ನಾನು ಹಗ್ಗ ಬಿಚ್ಚಿ, ಬಳೆಗೆ ಎರಡು ಸುತ್ತು ದಾರ ಹಾಕಿ, ಅದಕ್ಕೆ ಹಗ್ಗ ಕಟ್ಟಿದೆ. ಹಗ್ಗವನ್ನು ಕತ್ತರಿಸಲಿಲ್ಲ. ಅದು ಈಗಲೂ ಇಡಿಯಾಗಿದೆ, ನಾನೇ ತಂದು ಠಾಣೆಯ ಮೇಜಿನ ಮೇಲೆ ಇಟ್ಟಿದ್ದೇನೆ. ಚಾಕು ತಳ್ಳುಗಾಡಿಯಲ್ಲೇ ಇತ್ತು.

10.52ಕ್ಕೆ ಪಕ್ಕದ ಲಾರಿಯವರು ಹೊರಡಲು ದಾರಿ ಬಿಡಿ ಎಂದು ಹಾರ್ನ್ ಹೊಡೆದರು. ಮನೋಹರ್ ಅವರು ಹತ್ತಿ ಕುಳಿತು, ಹಿಂದೆ ಕುದುರೆ ಕಟ್ಟಿರುವುದನ್ನು ಮರೆತು, ಲಾರಿಯನ್ನು ಒಮ್ಮೆಲೇ ಹನ್ನೆರಡು ಅಡಿ ಮುಂದಕ್ಕೆ ತೆಗೆದರು. ಸಂಪಿಗೆ ಮುಗ್ಗರಿಸಿ ಮಂಡಿ ಊರಿದಳು. ದಾರ ಹರಿಯಿತು. ಅವಳು ಎದ್ದು, ಹಗ್ಗವನ್ನು ನೆಲದಲ್ಲಿ ಎಳೆದುಕೊಂಡು, ನನ್ನ ಪಕ್ಕದಿಂದ ಗೇಟು ದಾಟಿ ಬುಲ್ ಟೆಂಪಲ್ ರಸ್ತೆಗೆ ಹೋದಳು. ದಾರ ಇಲ್ಲದಿದ್ದರೆ ಈ ದಿನ ಯಾರೂ ಯಾರ ಮೇಲೂ ಕಳ್ಳತನದ ದೂರು ಕೊಡುವ ಪ್ರಮೇಯ ಬರುತ್ತಿರಲಿಲ್ಲ, ಹೆಣ ಎತ್ತುವ ಗಾಡಿ ಕರೆಸಬೇಕಾಗುತ್ತಿತ್ತು.

ಶಿವಶಂಕರ್ ಅವರ ಕಡೆಯವರು ಗಾಂಧಿ ಬಜಾರಿನ ದಿಕ್ಕಿಗೆ ಓಡಿದರು. ನಾನು ನಮ್ಮ ಮನೆಯ ದಾರಿಯಲ್ಲಿರುವ ಆಶ್ರಮದ ಕಡೆ ನಡೆದೆ. ನನ್ನ ಕಾಲಿಗೆ ಓಟ ಆಗುವುದಿಲ್ಲ. ಆಶ್ರಮದ ವೃತ್ತ ದಾಟಿ ರೇವಣಸಿದ್ದಯ್ಯನವರ ಟೀ ಅಂಗಡಿ ಇದೆ, ಮೈದಾನದಿಂದ ಸುಮಾರು ಒಂದು ಕಿಲೋಮೀಟರ್. ನಾನು ಅಲ್ಲಿಗೆ ತಲುಪಿದಾಗ 11.20 ಆಗಿತ್ತು. ಕುದುರೆ ನೋಡಿದಿರಾ ಎಂದು ಕೇಳಿದೆ. ಅವರು ಹೇಳಿದ್ದು: ಸಂಪಿಗೆ ತಾನಾಗಿಯೇ ಬಂದು ಅಂಗಡಿ ಮುಂದೆ ರಸ್ತೆಯ ಅಂಚಿಗೆ ನಿಂತಳು, ಒಂದು ಟೀ ಕುಡಿಯುವಷ್ಟು ಹೊತ್ತು ನಿಂತಿದ್ದಳು, ಆಮೇಲೆ ಹೊರಟಳು. ನನ್ನ ಗಂಡ ದಿನಾ ಅಲ್ಲೇ ಗಾಡಿ ನಿಲ್ಲಿಸಿ ಟೀ ಕುಡಿಯುತ್ತಿದ್ದರು. ನೆಲದಲ್ಲಿ ಎಳೆಯುತ್ತಿದ್ದ ಹಗ್ಗ ಕಾಲಿಗೆ ಸಿಕ್ಕೀತೆಂದು ರೇವಣಸಿದ್ದಯ್ಯನವರು ಅದನ್ನು ಅವಳ ಕತ್ತಿಗೆ ಸುತ್ತಿದ್ದರು. ಹಿಡಿದು ಯಾಕೆ ಕಟ್ಟಲಿಲ್ಲ ಎಂದು ಕೇಳಿದ್ದಕ್ಕೆ ಅವರು, "ಬಚ್ಚಪ್ಪ ಹಿಂದುಗಡೆ ಬರ್ತಾವ್ನೆ ಅನ್ಕೊಂಡ್ಬಿಟ್ಟೆ ಕಣಮ್ಮ. ನೀನು ಬಂದು ಕೇಳೋಗಂಟ ನೆಪ್ಪೇ ಆಗ್ಲಿಲ್ಲ" ಎಂದರು.

11.35ಕ್ಕೆ ಮನೆ ತಲುಪಿದೆ. ಸಂಪಿಗೆ ಲಾಯದ ಬಾಗಿಲಲ್ಲಿ ತಲೆ ಒಳಗೆ, ಮೈ ಹೊರಗೆ ಮಾಡಿಕೊಂಡು ನಿಂತಿದ್ದಳು. ಲಾಯದಲ್ಲಿ ಈಗ ನನ್ನ ಈರುಳ್ಳಿ ಮೂಟೆಗಳಿವೆ, ಅವಳಿಗೆ ಜಾಗ ಇರಲಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹನ್ನೊಂದು ಮೂಟೆಗಳನ್ನು ಒಬ್ಬಳೇ ಗಲ್ಲಿಗೆ ಎಳೆದು ಹಾಕಿದೆ. ಅವಳು ಒಳಗೆ ಹೋಗಿ, ತನ್ನ ಮೂಲೆಗೆ ಹಿಂಭಾಗ ಮಾಡಿ ನಿಂತಳು. ಮಂಡಿ ತರಚಿತ್ತು, ತೊಳೆದು ಅರಿಶಿನ ಹಚ್ಚಿದೆ. ಮನೆಯಲ್ಲಿದ್ದ ಹುರುಳಿ ಬೇಯಿಸಿ ಹಾಕಿದೆ. ಆಗ ಮುಖ ತಿರುಗಿಸಿ ನನ್ನ ಹೆಗಲ ಮೇಲೆ ಗಲ್ಲ ಇಟ್ಟಳು.

ಶಿವಶಂಕರ್ ಅವರಿಗೆ ಫೋನ್ ಮಾಡಿದ್ದು 12.50ಕ್ಕೆ. ಅಷ್ಟರಲ್ಲಿ, ಹಗ್ಗ ಬಿಚ್ಚಿದವಳು ನಾನೆಂದು ಮನೋಹರ್ ಅವರಿಂದ ಕೇಳಿ, ಅವರು ಠಾಣೆಯಲ್ಲಿ ದೂರು ಕೊಟ್ಟಾಗಿತ್ತು. ಒಂದೂಕಾಲು ಗಂಟೆ ಯಾಕೆ ತಡ ಮಾಡಿದೆ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ದೊರೆಸ್ವಾಮಿಯವರು ಕೇಳಿದರು. ಮೊಬೈಲಿನಲ್ಲಿ ನಂಬರ್ ಇತ್ತು, ಕರೆನ್ಸಿಯೂ ಇತ್ತು. ಹುರುಳಿ ಬೇಯಲು ಮುಕ್ಕಾಲು ಗಂಟೆ ಹಿಡಿಯಿತು. ಉಳಿದ ಅರ್ಧ ಗಂಟೆ ಅವಳು ಇದ್ದಳು, ನಾನು ಇದ್ದೆ. ಅದಕ್ಕೆ ಬೇರೆ ಕಾರಣ ಇಲ್ಲ.

1.25ಕ್ಕೆ ಶಿವಶಂಕರ್ ಮತ್ತು ಮನೋಹರ್ ಲಾರಿ ತಂದರು. ಹಲಗೆ ಇಳಿಸಿದರು. ಸಂಪಿಗೆ ಹತ್ತಲಿಲ್ಲ. ಇಪ್ಪತ್ತು ನಿಮಿಷ ಮುಂದಿನಿಂದ ಎಳೆದರು, ಹಿಂದಿನಿಂದ ತಳ್ಳಿದರು. ಗಲ್ಲಿಯ ಜನ ಸೇರಿದರು. ಅವಳು ಮೈಯೆಲ್ಲ ಬೆವರಿ, ಬಿಳಿಗಣ್ಣು ಮಾಡಿದಳು. ಕೊನೆಗೆ ಶಿವಶಂಕರ್ ಅವರು ನನ್ನ ಮುಖ ನೋಡದೆ, "ನೀವೇ ಏನಾದ್ರೂ ಹೇಳ್ನೋಡಿ ಅಮ್ಮ" ಎಂದರು. ನಾನು ಮೊದಲು ಲಾರಿ ಒಳಗಿನ ಬಳೆಗೆ ದಾರದ ಕುಣಿಕೆ ಹಾಕಿದೆ. ಮನೋಹರ್ ಅವರು ಉಳಿದ ದಾರದ ಉಂಡೆಯನ್ನೂ ಕೇಳಿ ಇಸಕೊಂಡು ಜೇಬಿಗೆ ಹಾಕಿಕೊಂಡರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆದರೂ ಇನ್ನು ಮುಂದಕ್ಕಾದರೂ ಆಯಿತು. ಆಮೇಲೆ ಹಲಗೆಯ ಪಕ್ಕ ನಿಂತು, "ಹತ್ತವ್ವ" ಎಂದೆ. ಒಂದೇ ಸಲ ಹೇಳಿದ್ದು. ಹತ್ತಿದಳು. ಲಾರಿ 1.50ಕ್ಕೆ ಗಲ್ಲಿ ಬಿಟ್ಟಿತು.

ಓದಿ ಹೇಳಿದ ಮೇಲೆ ನಾನು ಕೇಳಿ ಸೇರಿಸಿದ್ದು: ಇದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಯಾರೂ ಕೇಳಿಲ್ಲ, ಬರೆಯುವುದು ಬೇಡ, ನಿಮಗೇ ತೊಂದರೆ ಎಂದು ದೊರೆಸ್ವಾಮಿಯವರು ಹೇಳಿದರು. ಬರೆಯಿರಿ ಎಂದು ನಾನು ಹೇಳಿದೆ. ಮನೋಹರ್ ಅವರನ್ನು ಕೆಲಸದಿಂದ ತೆಗೆಯುತ್ತಾರೆಂದು ಕೇಳಿದೆ, ತಪ್ಪೆಲ್ಲ ಅವರೊಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. 10.52ಕ್ಕೆ ದಾರ ಹರಿದಾಗ ಸಂಪಿಗೆ ನನ್ನಿಂದ ಆರು ಅಡಿ ದೂರದಲ್ಲಿ ಹೋದಳು. ನನ್ನ ಮಾತಿಗೆ ಅವಳು ಎಷ್ಟು ಕಟ್ಟುಬೀಳುತ್ತಾಳೆಂದು ಮಧ್ಯಾಹ್ನ ಗಲ್ಲಿಯವರೆಲ್ಲ ನೋಡಿದ್ದಾರೆ. ಗೇಟಿನ ಆಚೆ ಬಸ್ಸುಗಳು ಓಡಾಡುತ್ತಿದ್ದವು. "ನಿಲ್ಲವ್ವ" ಎಂದಿದ್ದರೆ ನಿಲ್ಲುತ್ತಿದ್ದಳು. ಬಾಯಿಗೆ ಬಂದಿತ್ತು, ಅನ್ನಲಿಲ್ಲ. ಅವಳಿಗೆ ಮನೆ ನೆನಪಿದೆಯೋ ಇಲ್ಲವೋ ನನಗೆ ನೋಡಬೇಕಿತ್ತು.

ಮೇಲಿನ ಸಂಗತಿಗಳೆಲ್ಲ ನಾನು ಕಂಡು, ಮಾಡಿ, ಸ್ವಂತ ಬಾಯಿಂದ ಹೇಳಿದವು. ಎರಡು ಸಲ ಓದಿಸಿ ಕೇಳಿದ್ದೇನೆ, ಸತ್ಯವಾಗಿವೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಬೆಂಗಳೂರು
ದಿನಾಂಕ: 09.02.2025, ಸಂಜೆ 5.35
ಸಹಿ: ಮುನಿರತ್ನಮ್ಮ
ನನ್ನ ಸಮಕ್ಷಮ ಬರೆದುಕೊಂಡಿದ್ದು: ದೊರೆಸ್ವಾಮಿ, ಹೆಡ್ ಕಾನ್‌ಸ್ಟೆಬಲ್